ಅರ್ಧ ಸೆಕೆಂಡು, ನಾಲ್ಕು ಪಿಕ್ಸೆಲ್

ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆಯಬೇಕು ಅಂದುಕೊಳ್ಳಿ. ಮೌಸ್ ಹಿಡಿದು, ಬಾಣವನ್ನು ಅದರ ಮೇಲೆ ತಂದು, ಟಿಕ್ ಟಿಕ್ ಅಂತ ಎರಡು ಸಲ ಒತ್ತುತ್ತೀರಿ. ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ಅನ್ನಿಸುತ್ತೆ. ಆದರೆ ಆ ಟಿಕ್ ಟಿಕ್‌ಗೆ ಮೂರು ಷರತ್ತುಗಳಿವೆ.

ವಿಂಡೋಸ್‌ನಲ್ಲಿ ನೀವೇನೂ ಬದಲಾಯಿಸದೇ ಇದ್ದರೆ, ಮೊದಲ ಕ್ಲಿಕ್‌ಗೂ ಎರಡನೆಯ ಕ್ಲಿಕ್‌ಗೂ ನಡುವೆ 500 ಮಿಲಿಸೆಕೆಂಡಿಗಿಂತ, ಅಂದರೆ ಅರ್ಧ ಸೆಕೆಂಡಿಗಿಂತ, ಹೆಚ್ಚು ಹೊತ್ತು ಹೋಗಬಾರದು. ಇದು ಮೊದಲನೆಯದು. ಎರಡೂ ಕ್ಲಿಕ್‌ಗಳು ನಾಲ್ಕು ಪಿಕ್ಸೆಲ್ ಅಗಲ, ನಾಲ್ಕು ಪಿಕ್ಸೆಲ್ ಎತ್ತರದ ಒಂದು ಚೌಕದೊಳಗೇ ಬೀಳಬೇಕು. ಇದು ಎರಡನೆಯದು. ಸಾಮಾನ್ಯ ಮಾನಿಟರಿನ ಮೇಲೆ ಆ ಚೌಕ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಇರುತ್ತೆ, ಒಗ್ಗರಣೆಗೆ ಹಾಕೋ ಸಾಸಿವೆ ಕಾಳಿನಷ್ಟು ಜಾಗ. ಮೂರನೆಯದು, ಗುಂಡಿ ಒತ್ತಿ ಬಿಡುವಷ್ಟರಲ್ಲಿ ಕೈ ಸ್ವಲ್ಪವೂ ಜಾರಬಾರದು. ನಾಲ್ಕು ಪಿಕ್ಸೆಲ್ ದಾಟಿ ಸರಿದರೆ ನೀವು ಆ ಫೋಲ್ಡರನ್ನು ಎಳೆದುಕೊಂಡು ಹೋಗುತ್ತಿದ್ದೀರಿ ಅಂತ ಕಂಪ್ಯೂಟರ್ ತಿಳಿದುಕೊಳ್ಳುತ್ತೆ.

ಹೀಗೆ ಬಿಡಿಸಿ ಹೇಳಿದ ಮೇಲೆ ಅದು ಅಷ್ಟು ಸುಲಭ ಅನ್ನಿಸೋದಿಲ್ಲ, ಅಲ್ವಾ? ಸೂಜಿಗೆ ದಾರ ಪೋಣಿಸಿದ ಹಾಗೆ ಅನ್ನಿಸುತ್ತೆ. ದಿನಕ್ಕೆ ನೂರಾರು ಸಲ ಪೋಣಿಸುತ್ತಲೇ ಇರುತ್ತೇವೆ. ಕೈ ಗಟ್ಟಿ ಇರೋದರಿಂದ ಗೊತ್ತಾಗೋದಿಲ್ಲ, ಅಷ್ಟೇ.

ನಮ್ಮಪ್ಪನ ಕೈ ಈಗ ಗಟ್ಟಿ ಇಲ್ಲ.

ಅಪ್ಪ ಮೈಸೂರಿನ ಕುವೆಂಪುನಗರದಲ್ಲಿದ್ದಾರೆ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ದುಡಿದು ರಿಟೈರ್ ಆದವರು. ರಿಟೈರ್ ಆದ ಮೇಲೆ ಬಹಳಷ್ಟು ಅಪ್ಪಂದಿರು ವಾಕಿಂಗ್, ಪೇಪರ್, ಟೀವಿ ಅಂತ ಕಾಲ ಹಾಕ್ತಾರೆ. ನಮ್ಮಪ್ಪನಿಗೆ ಬೇರೆಯದೇ ಹುಚ್ಚು. ಬೀದಿಯಲ್ಲಿರೋ ಪೆನ್ಷನ್‌ದಾರರ ಲೆಕ್ಕಪತ್ರವೆಲ್ಲ ಅವರದೇ ಉಸ್ತುವಾರಿ. ಏಪ್ರಿಲ್ ಬಂತೆಂದರೆ ಎಫ್‌ಡಿ ಬಡ್ಡಿಯಲ್ಲಿ ಟಿಡಿಎಸ್ ಹಿಡಿಯದ ಹಾಗೆ ಬ್ಯಾಂಕಿಗೆ ಕೊಡೋ ಫಾರಂ. ಜುಲೈನಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್. ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ. ದುಡ್ಡು ತಗೊಳ್ಳೋದಿಲ್ಲ. ತಗೊಳ್ಳಲೇಬೇಕು ಅಂತ ಹಠ ಹಿಡಿದವರ ಮನೆಯಿಂದ ಒಂದು ಹಲಸಿನ ಹಣ್ಣೋ, ಅರ್ಧ ಕೆಜಿ ಹುರಿಗಾಳೋ ಬರುತ್ತೆ. ಕಂಪ್ಯೂಟರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಫೋಲ್ಡರ್. ಅದರಲ್ಲಿ ಗಂಡ ತೀರಿಕೊಂಡ ಮೇಲೆ ಫ್ಯಾಮಿಲಿ ಪೆನ್ಷನ್ ಬರೋ ನಾಲ್ಕೈದು ಜನ ಅಜ್ಜಿಯಂದಿರದ್ದೂ ಇದೆ. ಅವರಿಗೆ ಅಪ್ಪ ಬಿಟ್ಟರೆ ಬೇರೆ ಗತಿ ಇಲ್ಲ. ಆಡಿಟರ್ ಆಫೀಸಿಗೆ ಹೋಗೋಕೆ ಸಂಕೋಚ, ಮಕ್ಕಳನ್ನು ಕೇಳೋಕೆ ಇನ್ನೂ ಸಂಕೋಚ.

ಎರಡು ವರ್ಷದ ಹಿಂದೆ ಅಪ್ಪನ ಬಲಗೈ ನಡುಗೋಕೆ ಶುರುವಾಯಿತು. ಕಾಫಿ ಲೋಟ ಎತ್ತುವಾಗ, ಸಹಿ ಹಾಕುವಾಗ. ಪಾರ್ಕಿನ್ಸನ್ಸೇ ಇರಬೇಕು ಅಂತ ನಾವೆಲ್ಲ ಹೆದರಿದ್ದೆವು. ಡಾಕ್ಟರು ನೋಡಿ ಅದಲ್ಲ, ಇದು ಎಸೆನ್ಷಿಯಲ್ ಟ್ರೆಮರ್ ಅಂದರು. ಕೈ ಸುಮ್ಮನಿದ್ದಾಗ ಅಷ್ಟಾಗಿ ಕಾಣೋದಿಲ್ಲ. ಏನಾದರೂ ಮಾಡೋಕೆ ಹೊರಟಾಗ, ಅದರಲ್ಲೂ ಗುರಿ ಇಟ್ಟು ಮಾಡೋ ಸೂಕ್ಷ್ಮ ಕೆಲಸದಲ್ಲಿ, ನಡುಕ ಜಾಸ್ತಿಯಾಗುತ್ತೆ. ಮಾತ್ರೆ ಕೊಟ್ಟರು. ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಲೋಟದ ಬದಲು ಹಿಡಿ ಇರೋ ದೊಡ್ಡ ಕಪ್ ಬಂತು. ಸಹಿ ಸ್ವಲ್ಪ ಅಂಕುಡೊಂಕಾಯಿತು. ಉಳಿದದ್ದೆಲ್ಲ ಹೇಗೋ ನಡೀತಿತ್ತು.

ಗುರಿ ಇಟ್ಟು ಮಾಡೋ ಸೂಕ್ಷ್ಮ ಕೆಲಸ. ಡಬಲ್ ಕ್ಲಿಕ್ ಅಂದರೆ ಅದೇ ತಾನೇ?

ಕಳೆದ ಜುಲೈನಲ್ಲಿ ಒಂದು ರಾತ್ರಿ ಹತ್ತೂವರೆಗೆ ಅಮ್ಮ ಫೋನ್ ಮಾಡಿದಳು. "ನಿಮ್ಮಪ್ಪ ಊಟ ಮಾಡ್ಲಿಲ್ಲ ಕಣೇ. ಎದುರುಮನೆ ಅಜ್ಜಿದು ಏನೋ ಕಂಪ್ಯೂಟರಲ್ಲಿ ಹೊರಟೋಯ್ತಂತೆ." ಅಪ್ಪನಿಗೆ ಫೋನ್ ಕೊಡಿಸಿದೆ. ಆ ಅಜ್ಜಿಯ ಆರು ವರ್ಷದ ಕಾಗದಪತ್ರ ಇದ್ದ ಫೋಲ್ಡರ್ ಕಾಣ್ತಿಲ್ಲ. ತೆರೆಯೋಕೆ ಹೋದರು, ಕಣ್ಣೆದುರಿಗೇ ಮಾಯವಾಯಿತು. ರೀಸೈಕಲ್ ಬಿನ್‌ನಲ್ಲೂ ಇಲ್ಲ. "ನಾನೇ ಎಲ್ಲೋ ಅಳಿಸಿಬಿಟ್ಟೆ ಪುಟ್ಟಿ. ಇನ್ನು ನನ್ನ ಕೈಲಾಗಲ್ಲ. ಈ ಸಲದ್ದು ಮುಗಿಸಿ ಎಲ್ಲರಿಗೂ ಹೇಳ್ಬಿಡ್ತೀನಿ, ಬೇರೆಯವರನ್ನ ನೋಡ್ಕೊಳ್ಳಿ ಅಂತ."

ಫೋಲ್ಡರ್ ಎಲ್ಲಿತ್ತು ಅಂತ ನೀವು ಊಹಿಸಿರ್ತೀರಿ. ಹೆಸರು ಹಾಕಿ ಹುಡುಕಿಸಿದಾಗ ಎರಡೇ ನಿಮಿಷಕ್ಕೆ ಸಿಕ್ಕಿತು, ಪಕ್ಕದ ಫೋಲ್ಡರಿನ ಹೊಟ್ಟೆಯೊಳಗೆ. ಡಬಲ್ ಕ್ಲಿಕ್ ಮಾಡುವಾಗ ಕೈ ನಡುಗಿ ಒಂದಿಷ್ಟು ಜಾರಿದೆ, ಕಂಪ್ಯೂಟರ್ ಅದನ್ನು ಎಳೆದದ್ದು ಅಂತ ತಿಳಿದು ಪಕ್ಕದ ಫೋಲ್ಡರಿಗೆ ಹಾಕಿದೆ. ಆಗಲೇ ಕಂಟ್ರೋಲ್ ಮತ್ತು ಝಡ್ ಒತ್ತಿದ್ದರೆ ಹೊರಗೆ ಬಂದುಬಿಡುತ್ತಿತ್ತು. ಆದರೆ ಏನಾಯಿತು ಅಂತಲೇ ಗೊತ್ತಾಗದವರು ಯಾವುದನ್ನು ಅಂತ ರದ್ದು ಮಾಡ್ತಾರೆ?

ಸಿಕ್ಕಿತಲ್ಲ ಬಿಡಿ ಅಂದೆ. ಅಪ್ಪ "ಹೂಂ" ಅಂದರು. ನಿರ್ಧಾರ ಬದಲಾದ ಹಾಗೆ ಕಾಣಲಿಲ್ಲ.

ನನ್ನನ್ನು ಕಾಡಿದ್ದು ಆ "ನನ್ನ ಕೈಲಾಗಲ್ಲ" ಅನ್ನೋ ಮಾತು. ಅಪ್ಪನ ಕೈಲಾಗದೇ ಇದ್ದದ್ದು ಏನು? ಟ್ಯಾಕ್ಸ್ ಲೆಕ್ಕವಾ? ಅದು ಬಾಯಿಪಾಠ. ಯಾವ ಅಜ್ಜಿಗೆ ಯಾವ ಬ್ಯಾಂಕಿನಿಂದ ಎಷ್ಟು ಬಡ್ಡಿ ಬರುತ್ತೆ ಅನ್ನೋದಾ? ಅದೂ ನೆನಪಿದೆ. ಕೈಲಾಗದೇ ಇದ್ದದ್ದು ಅರ್ಧ ಸೆಕೆಂಡಿನೊಳಗೆ ಸಾಸಿವೆ ಕಾಳಿನ ಮೇಲೆ ಎರಡು ಸಲ ಬೆರಳೂರೋದು. ಲೆಕ್ಕ ಬರೆಯೋ ಕೆಲಸಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೆ ಬಾಗಿಲಲ್ಲೇ ಆ ಪರೀಕ್ಷೆ ಪಾಸಾಗದೆ ಒಳಗೆ ಹೋಗೋ ಹಾಗಿಲ್ಲ.

ಈ ಪರೀಕ್ಷೆ ಬಂದದ್ದಾದರೂ ಎಲ್ಲಿಂದ? ಕಥೆ ಸ್ವಾರಸ್ಯವಾಗಿದೆ. ಈಗ ನಾವು ನೋಡೋ ಕಿಟಕಿ, ಐಕಾನ್, ಮೌಸ್ ಎಲ್ಲ ಒಟ್ಟಿಗೆ ರೂಪ ತಾಳಿದ್ದು ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ 1973ರಲ್ಲಿ ತಯಾರಾದ ಆಲ್ಟೊ ಕಂಪ್ಯೂಟರಿನ ಮೌಸ್‌ಗೆ ಮೂರು ಗುಂಡಿ. 1981ರಲ್ಲಿ ಅದೇ ಜೆರಾಕ್ಸ್ ಮಾರುಕಟ್ಟೆಗೆ ತಂದ ಸ್ಟಾರ್‌ಗೆ ಎರಡು. 1983ರ ಆಪಲ್ ಲೀಸಾ, ಮರುವರ್ಷದ ಮ್ಯಾಕಿಂಟಾಷ್ ಇವಕ್ಕೆ ಒಂದೇ ಒಂದು. ಹೊಸಬರಿಗೆ ಯಾವ ಗುಂಡಿ ಒತ್ತಬೇಕು ಅನ್ನೋ ಗೊಂದಲವೇ ಬೇಡ ಅನ್ನೋದು ಆಪಲ್‌ನವರ ಆಲೋಚನೆ. ಒಳ್ಳೇ ಉದ್ದೇಶವೇ. ಆದರೆ ಗುಂಡಿ ಒಂದೇ, ಮಾಡಬೇಕಾದ ಕೆಲಸ ಎರಡು: ಒಂದು ವಸ್ತುವನ್ನು ಆರಿಸೋದು, ಮತ್ತೆ ಅದನ್ನು ತೆರೆಯೋದು. ಒಂದು ಕ್ಲಿಕ್ ಅಂದರೆ ಆರಿಸು, ಎರಡು ಕ್ಲಿಕ್ ಅಂದರೆ ತೆರೆ ಅಂತಾಯಿತು. ಅಂದರೆ ಗುಂಡಿಯಲ್ಲಿದ್ದ ವ್ಯತ್ಯಾಸ ಸಮಯಕ್ಕೆ ವರ್ಗವಾಯಿತು. ಕಣ್ಣಿನ ಗೊಂದಲ ತಪ್ಪಿಸಲು ಹೋಗಿ ಕೈಗೆ ಕೆಲಸ ಕೊಟ್ಟ ಹಾಗಾಯಿತು. ಆಮೇಲೆ ಮೌಸ್‌ಗಳಿಗೆ ಎರಡು ಗುಂಡಿ, ಚಕ್ರ ಎಲ್ಲ ಬಂದವು. ಡಬಲ್ ಕ್ಲಿಕ್ ಮಾತ್ರ ಹೋಗಲಿಲ್ಲ.

ಹೋಗಬಹುದಾಗಿದ್ದ ಸಂದರ್ಭಗಳೂ ಇದ್ದವು. 1990ರ ದಶಕದಲ್ಲಿ ವೆಬ್ ಬಂದಾಗ ಕೊಂಡಿಗಳನ್ನು ಒಂದೇ ಕ್ಲಿಕ್‌ಗೆ ತೆರೆಯೋದು ಜಗತ್ತಿಗೆಲ್ಲ ಅಭ್ಯಾಸವಾಯಿತು. ಲಿನಕ್ಸ್ ಬಳಸೋರಿಗೆ ಗೊತ್ತಿರೋ ಕೆಡಿಇ ಎಂಬ ಡೆಸ್ಕ್‌ಟಾಪ್‌ನಲ್ಲಿ ಫೋಲ್ಡರುಗಳು ಬಹಳ ವರ್ಷ ಒಂದೇ ಕ್ಲಿಕ್‌ಗೆ ತೆರೆದುಕೊಳ್ಳುತ್ತಿದ್ದವು. 2024ರ ಫೆಬ್ರವರಿಯಲ್ಲಿ ಬಂದ ಅದರ ಆರನೆಯ ಆವೃತ್ತಿ ಮಾತ್ರ ಡಬಲ್ ಕ್ಲಿಕ್‌ಗೆ ಬದಲಾಯಿತು, ಬೇರೆ ಕಡೆಯಿಂದ ಬರೋರಿಗೆ ಅದೇ ರೂಢಿ ಅಂತ. ರೂಢಿಗೆ ಅಷ್ಟು ಬಲ.

ಪಾರ್ಕ್‌ನಲ್ಲೂ ಆಮೇಲೆ ಆಪಲ್‌ನಲ್ಲೂ ಕೆಲಸ ಮಾಡಿದ ಲ್ಯಾರಿ ಟೆಸ್ಲರ್ ಅಂತ ಒಬ್ಬರಿದ್ದರು. ನಾವು ದಿನಾ ಮಾಡೋ ಕಟ್, ಕಾಪಿ, ಪೇಸ್ಟ್‌ನ ಹಿಂದೆ ಇದ್ದವರು. 2020ರಲ್ಲಿ ತೀರಿಕೊಂಡರು. ಪಠ್ಯ ತಿದ್ದೋ ಒಂದು ಪ್ರೋಗ್ರಾಂ ಹೇಗಿರಬೇಕು ಅಂತ ಯೋಚಿಸುವಾಗ ಅವರು ಮಾಡಿದ ಮೊದಲ ಕೆಲಸ ನನಗೆ ಬಹಳ ಇಷ್ಟ. ಹೊಸದಾಗಿ ಸೇರಿದ್ದ ಒಬ್ಬ ಸೆಕ್ರೆಟರಿಯನ್ನು ಖಾಲಿ ಪರದೆಯ ಮುಂದೆ ಕೂರಿಸಿದರು. ತಿದ್ದುಪಡಿ ಗುರುತು ಹಾಕಿದ್ದ ಕಾಗದವೊಂದನ್ನು ಕೈಗೆ ಕೊಟ್ಟು, ಇದೇ ಪುಟ ಆ ಪರದೆಯ ಮೇಲಿದೆ ಅಂದುಕೊಂಡು ಹೇಗೆ ತಿದ್ದುತ್ತೀರಿ ಹೇಳಿ ಅಂದರು. ಆಕೆ ಹೇಳುತ್ತಾ ಹೋದದ್ದನ್ನು ಬರೆದುಕೊಂಡರು. ಪ್ರೋಗ್ರಾಂ ಹುಟ್ಟಿದ್ದು ಆಮೇಲೆ.

ಆ ಶನಿವಾರ ನಾನು ಮೈಸೂರಿಗೆ ಹೋದೆ. ಸ್ಕ್ರೀನ್‌ಗಳನ್ನು ವಿನ್ಯಾಸ ಮಾಡೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಆಫೀಸಿನಲ್ಲಿ ಮಾಡೋದನ್ನೇ ಮನೆಯಲ್ಲೂ ಮಾಡಿದೆ. ಅಪ್ಪನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನೋಟ್‌ಬುಕ್ ಹಿಡಿದು ಕೂತೆ. ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ, ಅರ್ಧ ಗಂಟೆ ಬಾಯಿ ಬಿಡಬಾರದು, ಮೌಸ್ ಮುಟ್ಟಬಾರದು. "ಕೊಡೀಪ್ಪ ಇಲ್ಲಿ, ನಾನು ಮಾಡ್ತೀನಿ" ಅನ್ನೋದು ಎಷ್ಟು ಸಲ ನಾಲಿಗೆ ತುದಿಗೆ ಬಂತೋ.

ನೋಡಿದ್ದು ಇಷ್ಟು. ಕ್ಲಿಕ್ ಮಾಡೋ ಮುಂಚೆ ಅಪ್ಪ ಉಸಿರು ಬಿಗಿಹಿಡೀತಾರೆ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಅದುಮಿ ಹಿಡೀತಾರೆ. ಮೊದಲ ಕ್ಲಿಕ್ ಆದ ಮೇಲೆ ಬಾಣ ಸರಿದು, ಎರಡನೆಯ ಕ್ಲಿಕ್ ಬೇರೆ ಕಡೆ ಬೀಳುತ್ತೆ. ಕೆಲವು ಸಲ ಎರಡೂ ಸರಿಯಾಗೇ ಬೀಳ್ತವೆ, ಆದರೆ ನಿಧಾನ. ಆಗ ಕಂಪ್ಯೂಟರ್ ಫೋಲ್ಡರಿನ ಹೆಸರು ಬದಲಾಯಿಸಬೇಕೇನೋ ಅಂದುಕೊಂಡು ಹೆಸರಿನ ಮೇಲೆ ನೀಲಿ ಪಟ್ಟಿ ತರುತ್ತೆ. ಅಪ್ಪ ಗಾಬರಿಯಾಗಿ ಎಸ್ಕೇಪ್ ಒತ್ತುತ್ತಾರೆ. ನಾಲ್ಕನೇ ಸಲಕ್ಕೂ ಆಗದೇ ಇದ್ದಾಗ, ನಾನು ಹಿಂದಿದ್ದೀನಿ ಅನ್ನೋದೂ ಮರೆತು ಅಡುಗೆಮನೆ ಕಡೆ ತಿರುಗಿ, "ಲೇ, ಬಾರೇ ಒಂದ್ನಿಮಿಷ" ಅಂತ ಕರೆದರು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು, ಟಿಕ್ ಟಿಕ್ ಅಂತ ಒತ್ತಿ ವಾಪಸ್ ಹೋದಳು. ಆಮೇಲೆ ಕೇಳಿದ್ದಕ್ಕೆ ನಕ್ಕು ಅಂದಳು: "ಆರು ತಿಂಗಳಿಂದ ನಾನೇ ಕಣೇ ನಿಮ್ಮಪ್ಪನ ಮೌಸು."

ಟೇಬಲ್ ಮೇಲೆ ತಮ್ಮ ಪುಣೆಯಿಂದ ಕಳಿಸಿದ್ದ ಹೊಸ ಮೌಸ್ ಇತ್ತು. ದುಬಾರಿಯದು, ವೈರ್ ಇಲ್ಲ, ಹೂವಿನಷ್ಟು ಹಗುರ, ಕೂದಲೆಳೆಯಷ್ಟು ಸರಿಸಿದರೂ ಬಾಣ ಅರ್ಧ ಪರದೆ ಓಡುತ್ತೆ. ಗೇಮ್ ಆಡೋರಿಗೆ ವರ. ನಡುಗೋ ಕೈಗೆ ಅದು ನಡುಕವನ್ನು ನಾಲ್ಕು ಪಟ್ಟು ಮಾಡಿ ತೋರಿಸೋ ಯಂತ್ರ.

ಅಲ್ಲಿಂದ ಶುರು ಮಾಡಿದೆವು. ಅಟ್ಟದ ಮೇಲಿದ್ದ ಹಳೇ ವೈರ್ ಮೌಸ್ ಕೆಳಗಿಳಿಯಿತು, ತೂಕ ಜಾಸ್ತಿ, ಚಲನೆ ನಿಧಾನ. ಸೆಟ್ಟಿಂಗ್ಸ್‌ನಲ್ಲಿ ಬಾಣದ ವೇಗ ಇಳಿಸಿದೆ. ಬಾಣವನ್ನು ದೊಡ್ಡದು ಮಾಡಿ ಹಳದಿ ಬಣ್ಣ ಕೊಟ್ಟೆ. ಕಂಟ್ರೋಲ್ ಕೀ ಒತ್ತಿದರೆ ಬಾಣ ಎಲ್ಲಿದೆ ಅಂತ ಸುತ್ತಲೂ ವೃತ್ತ ಮೂಡಿ ತೋರಿಸೋ ಆಯ್ಕೆ ಇದೆ, ಅದನ್ನೂ ಆನ್ ಮಾಡಿದೆ. ಐಕಾನ್‌ಗಳನ್ನು ದೊಡ್ಡದು ಮಾಡಿದೆ. ದಿನಾ ಬೇಕಾದ ಐದನ್ನು ಬಿಟ್ಟು ಉಳಿದವನ್ನೆಲ್ಲ ಡೆಸ್ಕ್‌ಟಾಪ್‌ನಿಂದ ತೆಗೆದು, ಇದ್ದವುಗಳ ನಡುವೆ ಜಾಗ ಬಿಟ್ಟೆ.

ದೊಡ್ಡದು ಮಾಡೋದರ ಹಿಂದೆ ಒಂದು ನಿಯಮವೇ ಇದೆ. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲಿ ಹೇಳಿದ್ದು: ಒಂದು ಗುರಿಯನ್ನು ಮುಟ್ಟೋಕೆ ಬೇಕಾಗೋ ಸಮಯ ಅದು ಎಷ್ಟು ದೂರ ಇದೆ, ಎಷ್ಟು ದೊಡ್ಡದಿದೆ ಅನ್ನೋದರ ಮೇಲೆ ನಿಂತಿರುತ್ತೆ. ದೂರದ ಚಿಕ್ಕ ಗುರಿ ಕಷ್ಟ, ಹತ್ತಿರದ ದೊಡ್ಡ ಗುರಿ ಸುಲಭ. ಕೇಳಿದರೆ ಇದೇನು ಮಹಾ ಅನ್ನಿಸುತ್ತೆ. ಆದರೆ ಇದರಿಂದ ಹೊರಡೋ ಒಂದು ವಿಷಯ ಮಜವಾಗಿದೆ. ಪರದೆಯ ಅಂಚು ಮತ್ತು ಮೂಲೆಗಳು ಮೌಸ್‌ಗೆ ಗೋಡೆ ಇದ್ದ ಹಾಗೆ. ಎಷ್ಟೇ ಜೋರಾಗಿ ತಳ್ಳಿದರೂ ಬಾಣ ಅಲ್ಲೇ ನಿಲ್ಲುತ್ತೆ. ಹಾಗಾಗಿ ಮೂಲೆಯಲ್ಲಿರೋ ಗುಂಡಿಗೆ ಗುರಿ ಇಡೋದೇ ಬೇಕಿಲ್ಲ, ತಳ್ಳಿದರೆ ಸಾಕು. ವಿಂಡೋಸ್ 95 ಬಂದಾಗ ಸ್ಟಾರ್ಟ್ ಗುಂಡಿ ಕೆಳಗಿನ ಎಡಮೂಲೆಯಲ್ಲಿತ್ತು, ಆದರೆ ಮೂಲೆಗೆ ಸರಿಯಾಗಿ ಅಂಟಿಕೊಂಡಿರಲಿಲ್ಲ. ತುತ್ತತುದಿಯ ಪಿಕ್ಸೆಲ್ ಮೇಲೆ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಕೂದಲೆಳೆಯಷ್ಟು ಅಂತರ, ಆದರೆ ಗೋಡೆಯ ಲಾಭವೆಲ್ಲ ಹೋಯಿತು. ಮುಂದಿನ ಆವೃತ್ತಿಗಳಲ್ಲಿ ಸರಿಹೋಯಿತು. ಈಗಿನ ವಿಂಡೋಸ್ 11ರಲ್ಲಿ ಸ್ಟಾರ್ಟ್ ಗುಂಡಿ ಕೆಳಸಾಲಿನ ನಡುವಿಗೆ ಬಂದಿದೆ. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ಅಲೈನ್‌ಮೆಂಟ್ ಎಡಕ್ಕೆ ಅಂತ ಆರಿಸಿದರೆ ಮತ್ತೆ ಮೂಲೆ ಸೇರುತ್ತೆ. ಅಪ್ಪನದೂ ಸೇರಿತು.

ಇನ್ನು ಡಬಲ್ ಕ್ಲಿಕ್. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೌಸ್ ಅನ್ನೋ ಕಡೆ ಅದರ ವೇಗಕ್ಕೆ ಒಂದು ಸ್ಲೈಡರ್ ಇದೆ, ಪಕ್ಕದಲ್ಲೇ ಪರೀಕ್ಷೆ ಮಾಡಿ ನೋಡೋಕೆ ಒಂದು ಪುಟ್ಟ ಫೋಲ್ಡರ್ ಚಿತ್ರ. ಪೂರ್ತಿ ನಿಧಾನಕ್ಕೆ ಎಳೆದರೆ ಅರ್ಧ ಸೆಕೆಂಡು ಇದ್ದದ್ದು 900 ಮಿಲಿಸೆಕೆಂಡ್ ಆಗುತ್ತೆ. ಮ್ಯಾಕ್‌ನಲ್ಲೂ ಇಂಥದ್ದು ಅಕ್ಸೆಸಿಬಿಲಿಟಿ ಅಡಿಯಲ್ಲಿ ಸಿಗುತ್ತೆ. ಸಮಯದ ಷರತ್ತು ಸಡಿಲವಾಯಿತು. ಆದರೆ ಅಪ್ಪನ ಫೋಲ್ಡರ್ ನುಂಗಿದ್ದು ಸಮಯವಲ್ಲ, ಆ ನಾಲ್ಕು ಪಿಕ್ಸೆಲ್. ಅದಕ್ಕೆ ಸ್ಲೈಡರ್ ಇಲ್ಲ. ಸೆಟ್ಟಿಂಗ್ಸ್ ಪೂರ್ತಿ ತಡಕಾಡಿದರೂ ಸಿಗೋದಿಲ್ಲ. ಅದಿರೋದು ರಿಜಿಸ್ಟ್ರಿ ಎಂಬ ನೆಲಮಾಳಿಗೆಯಲ್ಲಿ, ಡ್ರ್ಯಾಗ್‌ವಿಡ್ತ್, ಡ್ರ್ಯಾಗ್‌ಹೈಟ್ ಎಂಬ ಹೆಸರಲ್ಲಿ. ಎರಡರ ಮುಂದೆಯೂ 4 ಅಂತ ಬರೆದಿರುತ್ತೆ. ಬ್ಯಾಕಪ್ ತೆಗೆದಿಟ್ಟುಕೊಂಡು ಆ 4ನ್ನು 60 ಮಾಡಿದೆ. ಲಾಗ್ ಔಟ್ ಆಗಿ ಮತ್ತೆ ಬಂದ ಮೇಲೆ, ಕೈ ಅಷ್ಟು ದೂರ ಜಾರಿದರೆ ಮಾತ್ರ ಎಳೆದ ಹಾಗೆ.

ಯೋಚಿಸಿ ನೋಡಿ. ನಡುಗೋ ಕೈಗೆ ಅತ್ಯಂತ ಬೇಕಾದ ಒಂದು ಸಂಖ್ಯೆ ಅಲ್ಲೇ ಇದೆ. ಬದಲಾಯಿಸೋಕೂ ಬರುತ್ತೆ. ಆದರೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಮಗಳೋ ಮಗನೋ ಇದ್ದರೆ ಮಾತ್ರ. ಎದುರುಮನೆ ಅಜ್ಜಿಗೆ ಅಪ್ಪ ಸಿಕ್ಕ ಹಾಗೆ ಅಪ್ಪನಿಗೆ ನಾನು ಸಿಕ್ಕೆ. ಸಿಗದವರ ಕಥೆ ಏನು?

ಒಂದೇ ಕ್ಲಿಕ್‌ಗೆ ತೆರೆಯೋ ಆಯ್ಕೆಯೂ ವಿಂಡೋಸ್‌ನಲ್ಲಿದೆ, ಫೋಲ್ಡರ್ ಆಪ್ಷನ್ಸ್‌ನಲ್ಲಿ. ಅದನ್ನೂ ಹಾಕಿ ನೋಡಿದೆವು. ಇಪ್ಪತ್ತು ವರ್ಷದ ಅಭ್ಯಾಸ ಬಿಡುತ್ತಾ? ಅಪ್ಪ ಮತ್ತೆ ಟಿಕ್ ಟಿಕ್ ಅಂತಲೇ ಒತ್ತುತ್ತಿದ್ದರು, ಫೈಲು ಎರಡೆರಡು ಸಲ ತೆರೆದುಕೊಳ್ಳುತ್ತಿತ್ತು. "ಬೇಡ ಪುಟ್ಟಿ, ಇದು ನನ್ನ ಜೊತೆ ಜಗಳಕ್ಕೆ ನಿಂತ ಹಾಗಿದೆ" ಅಂದರು. ತೆಗೆದೆವು. ಯಾವ ಸುಧಾರಣೆ ಆದರೂ ಕೂತವರ ಕೈ ಒಪ್ಪಬೇಕು.

ಅಪ್ಪನ ಕೈ ಒಪ್ಪಿದ್ದು ಬೇರೆಯದನ್ನು, ಅದೂ ಆಕಸ್ಮಿಕವಾಗಿ. ಮಧ್ಯಾಹ್ನ ಕಾಫಿ ಕುಡೀತಾ ಬ್ಯಾಂಕಿಗೆ ಕಂಪ್ಯೂಟರ್ ಬಂದ ಕಾಲದ ಕಥೆ ತೆಗೆದರು. ನಿಮ್ಮಲ್ಲಿ ಬ್ಯಾಂಕಿನವರ ಮಕ್ಕಳಿದ್ದರೆ ಎಎಲ್‌ಪಿಎಂ ಅನ್ನೋ ಹೆಸರು ಕಿವಿಗೆ ಬಿದ್ದಿರುತ್ತೆ. ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮಷೀನ್. ರಿಸರ್ವ್ ಬ್ಯಾಂಕ್ ನೇಮಿಸಿದ್ದ ರಂಗರಾಜನ್ ಸಮಿತಿ 1984ರಲ್ಲಿ ವರದಿ ಕೊಟ್ಟ ಮೇಲೆ ದೇಶದ ಬ್ಯಾಂಕ್ ಶಾಖೆಗಳಿಗೆ ಬಂದದ್ದು ಈ ಯಂತ್ರಗಳು. ಕಪ್ಪು ಪರದೆ, ಹೊಳೆಯೋ ಅಕ್ಷರ, ಮೌಸ್ ಅನ್ನೋದೇ ಇಲ್ಲ. "ಕಣ್ಣು ವೋಚರ್ ಮೇಲೆ, ಕೈ ನಂಬರ್ ಪ್ಯಾಡ್ ಮೇಲೆ. ಪರದೆ ಕಡೆ ಯಾರು ನೋಡ್ತಿದ್ರು? ತಿಂಗಳ ಮೊದಲ ವಾರ ಸಂಬಳದ ಚೆಕ್ಕು ರಾಶಿ ಬೀಳೋದು, ಮಧ್ಯಾಹ್ನದೊಳಗೆ ಪೋಸ್ಟಿಂಗ್ ಮುಗಿಸಿ ಎದ್ದಿರ್ತಿದ್ದೆ" ಅಂದರು. ಹೇಳ್ತಾ ಹೇಳ್ತಾ ಊಟದ ಟೇಬಲ್ ಮೇಲೇ ಬಲಗೈ ಬೆರಳು ಓಡಿಸಿ ತೋರಿಸಿದರು. ನಾಲ್ಕು ಐದು ಆರು, ಪ್ಲಸ್, ಎಂಟರ್.

ನಡುಕವಿತ್ತು. ಆದರೆ ಬೆರಳು ಬೀಳಬೇಕಾದ ಜಾಗದಲ್ಲೇ ಬೀಳುತ್ತಿತ್ತು. ಕೀ ಅಂದರೆ ಬೆರಳಿನಷ್ಟು ಅಗಲ, ಸುತ್ತ ಅಂಚು, ಒತ್ತಿದಾಗ ಒತ್ತಿದ್ದು ಗೊತ್ತಾಗುತ್ತೆ. ಪಿಕ್ಸೆಲ್‌ಗೆ ಅಂಚೂ ಇಲ್ಲ, ಸ್ಪರ್ಶವೂ ಇಲ್ಲ.

ಹಾಗಾದರೆ ಮೌಸ್ ಯಾಕೆ ಬೇಕು? ಟಾಸ್ಕ್‌ಬಾರ್‌ನಲ್ಲಿ ಮೊದಲು ಪೆನ್ಷನ್ ಲೆಕ್ಕದ ಎಕ್ಸೆಲ್, ಎರಡನೆಯದು ಫೋಲ್ಡರ್‌ಗಳು, ಮೂರನೆಯದು ಬ್ರೌಸರ್ ಅಂತ ಸಾಲಾಗಿ ಪಿನ್ ಮಾಡಿದೆ. ವಿಂಡೋಸ್ ಕೀ ಹಿಡಿದು 1 ಒತ್ತಿದರೆ ಮೊದಲನೆಯದು, 2 ಒತ್ತಿದರೆ ಎರಡನೆಯದು. ಫೋಲ್ಡರ್ ಪಟ್ಟಿಯಲ್ಲಿ ಹೆಸರಿನ ಮೊದಲಕ್ಷರ ಒತ್ತಿದರೆ ಅಲ್ಲಿಗೇ ಹೋಗಿ ನಿಲ್ಲುತ್ತೆ, ಎಂಟರ್ ಹೊಡೆದರೆ ತೆರೆಯುತ್ತೆ. ಹಿಂದಕ್ಕೆ ಹೋಗೋಕೆ ಬ್ಯಾಕ್‌ಸ್ಪೇಸ್. ಏನಾದರೂ ಎಡವಟ್ಟಾಯಿತು ಅನ್ನಿಸಿದರೆ ಕಂಟ್ರೋಲ್ ಝಡ್. ಒಂದೇ ಅಕ್ಷರ ಎರಡೆರಡು ಸಲ ಬೀಳದ ಹಾಗೆ ಫಿಲ್ಟರ್ ಕೀಸ್ ಆನ್ ಮಾಡಿದೆ. ಬೇಕೆಂದು ಒತ್ತಿದ್ದನ್ನೂ ಬೇಡದೆ ಬಿದ್ದದ್ದನ್ನೂ ಬೇರೆ ಮಾಡೋ ಈ ಸೌಲಭ್ಯ ವಿಂಡೋಸ್ 95ರಿಂದಲೂ ಇದೆ. ಎಲ್ಲವನ್ನೂ ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿದೆ. ಹತ್ತು ಸಾಲು. ಎರಡನೇ ವಾರಕ್ಕೆ ಅಪ್ಪ ಅದನ್ನು ಕಿತ್ತು ಹಾಕಿದ್ದರು, ಬಾಯಿಪಾಠವಾಗಿತ್ತು.

ಕೈಗೆ ಆಗಲೇ ಗೊತ್ತಿರೋದರ ಮೇಲೆ ಹೊಸದನ್ನು ಕಟ್ಟೋದು ನಮ್ಮ ಕನ್ನಡದವರಿಗೆ ಹೊಸ ವಿಷಯವೇನಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನೋಡಿ. ನುಡಿ ಬಳಸೋರೆಲ್ಲ ಬೆರಳಾಡಿಸೋದು ಅದರ ಮೇಲೇ. ಕನ್ನಡದ ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿಸಿದರೆ ಸಾವಿರಗಟ್ಟಲೆ ರೂಪಗಳು. ಅವಕ್ಕೆಲ್ಲ ಬೇರೆ ಕೀ ಇಡೋಕಾಗುತ್ತಾ? ಅದಕ್ಕೆ ಇಂಗ್ಲಿಷ್ ಕೀಲಿಮಣೆಯನ್ನೇ ಇಟ್ಟುಕೊಂಡು, ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಅಕ್ಷರ ಹೇಗೆ ಕಾಣುತ್ತೆ ಅನ್ನೋದನ್ನು ಕಂಪ್ಯೂಟರ್ ನೋಡಿಕೊಳ್ಳಲಿ, ಮನುಷ್ಯ ಉಚ್ಚಾರ ಹೇಳಿದರೆ ಸಾಕು. ಕಷ್ಟದ ಭಾಗ ಯಂತ್ರಕ್ಕೆ, ಸುಲಭದ್ದು ಬೆರಳಿಗೆ. ಅಪ್ಪ ಬೀದಿಯ ಗಣೇಶೋತ್ಸವದ ನೋಟಿಸನ್ನು ಈಗಲೂ ಇದರಲ್ಲೇ ಟೈಪ್ ಮಾಡ್ತಾರೆ.

ನಮ್ಮ ಕಸುಬಿನಲ್ಲಿ ಪರ್ಸೋನಾ ಅಂತ ಒಂದು ಪದ್ಧತಿ ಇದೆ. ಬಳಸೋರು ಹೇಗಿರ್ತಾರೆ ಅಂತ ಊಹಿಸಿ ಒಂದು ಪಾತ್ರ ಸೃಷ್ಟಿ ಮಾಡೋದು. ಮೀಟಿಂಗ್‌ಗಳಲ್ಲಿ ಬರೋ ಪಾತ್ರಗಳಿಗೆ ಸಾಮಾನ್ಯವಾಗಿ 28 ವರ್ಷ, ಕೈಯಲ್ಲಿ ಕಾಫಿ, ಸದಾ ಅವಸರ. ಆ ಪಾತ್ರಕ್ಕೆ ಕೈ ನಡುಗೋದಿಲ್ಲ. ಕಣ್ಣಿಗೆ ಪೊರೆ ಬಂದಿಲ್ಲ. ಕಂಕುಳಲ್ಲಿ ಮಗು ಇಟ್ಟುಕೊಂಡು ಒಂದೇ ಕೈಯಲ್ಲಿ ಕೆಲಸ ಮಾಡ್ತಿಲ್ಲ. ಮುಂದಿನ ಸಲ ಮೀಟಿಂಗ್‌ನಲ್ಲಿ ನನ್ನ ಸರದಿ ಬಂದಾಗ 67 ವರ್ಷದ ಒಂದು ಪಾತ್ರ ಇಟ್ಟೆ, ಉಸಿರು ಬಿಗಿಹಿಡಿದು ಕ್ಲಿಕ್ ಮಾಡೋರು. ಒಬ್ಬ ಸಹೋದ್ಯೋಗಿ, "ಇದು ಎಡ್ಜ್ ಕೇಸ್ ಅಲ್ವಾ?" ಅಂದ. ಇನ್ನು ನಲವತ್ತು ವರ್ಷ ಕಾಯಿ ಗುರೂ, ನೀನೂ ಬರ್ತೀಯ ಅಂದೆ. ಎಲ್ಲರೂ ನಕ್ಕರು. ಡ್ರ್ಯಾಗ್ ದೂರವನ್ನು ಸೆಟ್ಟಿಂಗ್‌ನಲ್ಲಿ ಇಡೋಣ ಅಂತ ಒಪ್ಪಿದರು. ನೆಲಮಾಳಿಗೆಯಲ್ಲಲ್ಲ, ಮೊದಲ ಪುಟದಲ್ಲೇ.

ಇದನ್ನು ಓದ್ತಿರೋ ನಿಮ್ಮಲ್ಲಿ ಬಹಳ ಜನ ಮನೆಯ ಟೆಕ್ ಸಪೋರ್ಟ್ ಇದ್ದೇ ಇರ್ತೀರಿ. ಮುಂದಿನ ಸಲ ಊರಿಗೆ ಹೋದಾಗ ಅರ್ಧ ಗಂಟೆ ಹಿಂದೆ ಕುರ್ಚಿ ಹಾಕ್ಕೊಂಡು ಕೂತು ನೋಡಿ. ಕಲಿಸಬೇಡಿ, ಕಸಿಯಬೇಡಿ. ಉಸಿರು ಎಲ್ಲಿ ಬಿಗಿಯಾಗುತ್ತೆ, ಯಾವಾಗ ಇನ್ನೊಬ್ಬರನ್ನು ಕರೀತಾರೆ, ಯಾವಾಗ "ನಂಗೆ ಬರಲ್ಲ ಬಿಡು" ಅಂತಾರೆ, ಅಷ್ಟನ್ನು ಬರೆದುಕೊಳ್ಳಿ. ಬದಲಾಯಿಸಬೇಕಾದ್ದರ ಪಟ್ಟಿ ಅಲ್ಲೇ ಸಿಗುತ್ತೆ. ಅದರಲ್ಲಿ ಅರ್ಧಕ್ಕರ್ಧ ಸೆಟ್ಟಿಂಗ್ಸ್‌ನಲ್ಲೇ ಇರುತ್ತೆ, ದುಡ್ಡೂ ಬೇಕಿಲ್ಲ.

ಅಪ್ಪ ಯಾರಿಗೂ ಬೇರೆಯವರನ್ನು ನೋಡ್ಕೊಳ್ಳಿ ಅಂತ ಹೇಳಲಿಲ್ಲ. ನವೆಂಬರ್‌ನಲ್ಲಿ ಎಲ್ಲರ ಜೀವನ ಪ್ರಮಾಣಪತ್ರ ಮುಗಿಸಿದ ಮೇಲೆ ಫೋನ್ ಮಾಡಿದ್ದರು. ಎರಡು ಫೋಲ್ಡರ್ ಹೊಸದಾಗಿ ಸೇರಿವೆಯಂತೆ, ಹಿಂದಿನ ಬೀದಿಯವರು. ಆಮೇಲೆ ದೂರು ಶುರುವಾಯಿತು. ಎಕ್ಸೆಲ್‌ನಲ್ಲಿ ಕಾಲಂ ಅಗಲ ಮಾಡೋಕೆ ಇನ್ನೂ ಆ ಗೆರೆಯನ್ನು ಹಿಡಿದು ಎಳೀಬೇಕಲ್ಲ, ಅದಕ್ಕೆ ಕೀ ಇಲ್ವಾ ಅಂತ. ಇದೆ ಅಂದೆ. ಆಲ್ಟ್ ಒತ್ತಿ ಬಿಟ್ಟು, ಆಮೇಲೆ ಎಚ್, ಓ, ಐ.

"ತಡಿ ತಡಿ, ಬರ್ಕೋತೀನಿ" ಅಂದರು. ಫೋನಿನಲ್ಲೇ ಪೆನ್ನು ಹುಡುಕೋ ಸದ್ದು ಕೇಳಿಸುತ್ತಿತ್ತು.